ಹೊಸ ಗಾಡಿಯ ಹುಟ್ಟುರೋಗ: ಕೊಂಡವರಿಗೆ ಕಾನೂನಿನ ಆಸರೆ

ಹೊಸ ವಾಹನ ಮನೆಗೆ ಬಂದ ದಿನ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೂಮಾಲೆ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟು, ಅದರ ಮೇಲೆ ಹತ್ತಿಸಿಕೊಂಡು ಹೊರಡುವುದು ನಮ್ಮಲ್ಲಿ ವಾಡಿಕೆ. ದೃಷ್ಟಿ ತಾಕದಿರಲಿ, ಕೆಡುಕು ಬಾರದಿರಲಿ ಎಂಬುದು ಅದರ ಆಶಯ. ಅಮೆರಿಕದಲ್ಲಿ ನಿಂಬೆಹಣ್ಣಿಗೆ ಬೇರೆಯೇ ಅರ್ಥವಿದೆ. ಅಲ್ಲಿ ಚಕ್ರದಡಿಯ ಹಣ್ಣಿಗಲ್ಲ, ಚಕ್ರದ ಮೇಲಿನ ಗಾಡಿಗೇ ‘ಲೆಮನ್’ ಎನ್ನುತ್ತಾರೆ. ಹೊರಗೆ ಹೊಳಪು, ಒಳಗೆ ಹುಳಿ. ಷೋರೂಮಿನಿಂದ ಹೊರಬಿದ್ದ ದಿನದಿಂದ ಒಂದಲ್ಲ ಒಂದು ಕಾಯಿಲೆಯಿಂದ ನರಳುತ್ತ, ಎಷ್ಟು ಸಲ ರಿಪೇರಿ ಮಾಡಿಸಿದರೂ ಸರಿಹೋಗದ ಹೊಸ ವಾಹನಕ್ಕೆ ಆ ಹೆಸರು.

ಇಂಥ ಗಾಡಿ ಕೊಂಡು ಕೈ ಸುಟ್ಟುಕೊಂಡವರಿಗಾಗಿ ಅಮೆರಿಕದ ಕನೆಕ್ಟಿಕಟ್ ರಾಜ್ಯ 1982ರಲ್ಲಿ ಒಂದು ಕಾನೂನು ಮಾಡಿತು. ಅದಕ್ಕೆ ‘ಲೆಮನ್ ಲಾ’ ಎಂಬ ಹೆಸರೇ ನಿಂತುಬಿಟ್ಟಿತು. ಉಳಿದ ರಾಜ್ಯಗಳೂ ಅದೇ ದಾರಿ ಹಿಡಿದವು. ಅದರ ತಿರುಳು ಸರಳವಾದ ಒಂದು ಲೆಕ್ಕ. ನಿಗದಿಯಾದ ಅವಧಿಯೊಳಗೆ ಒಂದೇ ದೋಷವನ್ನು ನಾಲ್ಕು ಸಲ ರಿಪೇರಿ ಮಾಡಿಯೂ ಅದು ಹೋಗದಿದ್ದರೆ, ಅಥವಾ ಗಾಡಿ ಒಟ್ಟು 30 ದಿನ ಗ್ಯಾರೇಜಿನಲ್ಲೇ ಬಿದ್ದಿದ್ದರೆ, ತಯಾರಕರಿಗೆ ಸಾಕಷ್ಟು ಅವಕಾಶ ಕೊಟ್ಟಾಯಿತೆಂದು ಕಾನೂನು ಭಾವಿಸುತ್ತದೆ. ಆಮೇಲೆ ಬೇರೆ ಗಾಡಿ ಕೊಡಬೇಕು, ಇಲ್ಲವೇ ಹಣ ವಾಪಸು ಮಾಡಬೇಕು.

ಭಾರತದಲ್ಲಿ ಇಂಥ ಲೆಕ್ಕ ಹೇಳುವ ಕಾನೂನು ಇಲ್ಲ. ಹಾಗೆಂದು ಕೊಂಡವರು ನಿರಾಧಾರರೂ ಅಲ್ಲ. ಇರುವ ಕಾನೂನುಗಳು ಹಕ್ಕನ್ನು ಧಾರಾಳವಾಗಿಯೇ ಕೊಟ್ಟಿವೆ. ಆದರೆ ಆ ಹಕ್ಕು ಕೈಗೆ ಸಿಗಬೇಕಾದರೆ ದೋಷವನ್ನು ತೋರಿಸಿಕೊಡುವ ಹೊರೆ ಬಹುಮಟ್ಟಿಗೆ ಕೊಂಡವರ ಹೆಗಲಿಗೇ ಬೀಳುತ್ತದೆ. ಈ ಮಾತು ಮೊದಲ ದಿನವೇ ಗೊತ್ತಿದ್ದವರು ಗೆಲ್ಲುತ್ತಾರೆ. ಎರಡು ವರ್ಷದ ಮೇಲೆ ಗೊತ್ತಾದವರು ಪರದಾಡುತ್ತಾರೆ.

ಕಾನೂನು ನಡೆದು ಬಂದ ದಾರಿ

ಹಿಂದೆ ಈ ಬಗೆಯ ವ್ಯಾಜ್ಯಕ್ಕೆ ಆಧಾರವಾಗಿದ್ದದ್ದು 1930ರ ಸರಕು ಮಾರಾಟ ಕಾಯ್ದೆ. ಕೊಳ್ಳುವವನೇ ಎಚ್ಚರವಾಗಿರಬೇಕು ಎಂಬ ಹಳೆಯ ನಿಯಮಕ್ಕೆ ಆ ಕಾಯ್ದೆಯ 16ನೇ ಕಲಂ ಕೆಲವು ವಿನಾಯಿತಿ ಕೊಟ್ಟಿತ್ತು. ಯಾವ ಉದ್ದೇಶಕ್ಕೆ ಎಂದು ತಿಳಿಸಿ, ಮಾರುವವನ ಪರಿಣತಿಯನ್ನು ನಂಬಿ ಕೊಂಡರೆ, ಸರಕು ಆ ಉದ್ದೇಶಕ್ಕೆ ಒದಗುವಂತಿರಬೇಕು ಎಂಬುದು ಅದರಲ್ಲೊಂದು. ಆದರೆ ಅದಕ್ಕಾಗಿ ಸಿವಿಲ್ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಿತ್ತು; ಕೋರ್ಟ್ ಶುಲ್ಕ, ವಕೀಲರ ಶುಲ್ಕ, ವಾಯಿದೆಯ ಮೇಲೆ ವಾಯಿದೆ. ಸ್ಕೂಟರ್ ಕಾಯ್ದಿರಿಸಿ ವರ್ಷಗಟ್ಟಲೆ ಕಾಯುತ್ತಿದ್ದ ಆ ಕಾಲದಲ್ಲಿ, ಗಾಡಿ ಬಂದದ್ದೇ ಭಾಗ್ಯ ಎನ್ನುವಂತಿದ್ದಾಗ, ದೋಷದ ಮಾತೆತ್ತುವವರೂ ಕಡಿಮೆ.

1986ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಈ ಚಿತ್ರವನ್ನು ಬದಲಿಸಿತು. ಜಿಲ್ಲೆ, ರಾಜ್ಯ, ರಾಷ್ಟ್ರ ಎಂಬ ಮೂರು ಹಂತದ ವೇದಿಕೆಗಳು ಬಂದವು. ಆ ಕಾಯ್ದೆಯ ಜಾಗದಲ್ಲಿ ಈಗ ಇರುವುದು 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ. ಅದರ ಬಹುಪಾಲು ಕಲಂಗಳು 2020ರ ಜುಲೈ 20ರಿಂದ ಜಾರಿಗೆ ಬಂದವು. ಹಳೆಯ ವೇದಿಕೆಗಳು ಈಗ ಜಿಲ್ಲಾ ಗ್ರಾಹಕ ಆಯೋಗಗಳು.

ದೋಷ ಯಾವುದು, ಹೊಣೆ ಯಾರದು?

ಸಣ್ಣ ಸ್ಕ್ರೂವಿನವರೆಗೆ ಲೆಕ್ಕ ಹಾಕಿದರೆ ಒಂದು ಕಾರಿನಲ್ಲಿ ಸುಮಾರು 30 ಸಾವಿರ ಬಿಡಿಭಾಗಗಳಿರುತ್ತವೆ. ಪ್ರತಿಯೊಂದಕ್ಕೂ ಇಷ್ಟರಿಂದ ಇಷ್ಟರವರೆಗೆ ವ್ಯತ್ಯಾಸವಾದರೆ ನಡೆಯುತ್ತದೆ ಎಂಬ ಮಿತಿ ಇರುತ್ತದೆ. ಒಂದು ಭಾಗ ಮಿತಿಯ ಈ ಅಂಚಿನಲ್ಲಿ, ಅದಕ್ಕೆ ಕೂಡುವ ಇನ್ನೊಂದು ಭಾಗ ಆ ಅಂಚಿನಲ್ಲಿ ಇದ್ದರೆ, ಎರಡೂ ಬಿಡಿಯಾಗಿ ಪರೀಕ್ಷೆಯಲ್ಲಿ ಪಾಸಾಗಿಯೂ ಜೋಡಿಸಿದ ಮೇಲೆ ತಕರಾರು ತೆಗೆಯಬಹುದು. ಒಂದೇ ದಿನ ಒಂದೇ ಕಾರ್ಖಾನೆಯಿಂದ ಹೊರಬಂದ ಎರಡು ಗಾಡಿಗಳಲ್ಲಿ ಒಂದು ಹತ್ತು ವರ್ಷ ದುಡಿದು, ಇನ್ನೊಂದು ಹತ್ತೇ ದಿನಕ್ಕೆ ಮಲಗುವುದಕ್ಕೆ ಇದೂ ಒಂದು ಕಾರಣ. ಇದು ತಯಾರಿಕಾ ದೋಷ. ನಕ್ಷೆಯಲ್ಲೇ ತಪ್ಪಿದ್ದರೆ ಆ ಮಾದರಿಯ ಗಾಡಿಗಳಿಗೆಲ್ಲ ಅದೇ ರೋಗ ಹತ್ತಿಕೊಳ್ಳುತ್ತದೆ. ಅದು ವಿನ್ಯಾಸದ ದೋಷ.

2019ರ ಕಾಯ್ದೆಯ 84ನೇ ಕಲಂ ಈ ಎರಡಕ್ಕೂ ತಯಾರಕರನ್ನು ಹೊಣೆ ಮಾಡುತ್ತದೆ. ಜತೆಗೆ ತಾನೇ ಗೊತ್ತುಮಾಡಿದ ಅಳತೆ, ಗುಣಮಟ್ಟಗಳಿಂದ ದೂರ ಸರಿದದ್ದು, ವಾರಂಟಿಯಲ್ಲಿ ಕೊಟ್ಟ ಮಾತಿಗೆ ತಪ್ಪಿದ್ದು, ಸರಿಯಾದ ಬಳಕೆಯ ಸೂಚನೆ ಅಥವಾ ಎಚ್ಚರಿಕೆ ಕೊಡದಿದ್ದದ್ದು ಇವನ್ನೂ ಸೇರಿಸಿದೆ. ‘ಉತ್ಪನ್ನದ ಹೊಣೆಗಾರಿಕೆ’ ಎಂಬ ಈ ಅಧ್ಯಾಯ ಹಳೆಯ ಕಾಯ್ದೆಯಲ್ಲಿ ಇರಲಿಲ್ಲ. ದೋಷಪೂರಿತ ವಸ್ತುವಿನಿಂದ ಮೈಗೆ ಪೆಟ್ಟಾದರೆ, ಬೇರೆ ಆಸ್ತಿ ಹಾಳಾದರೆ ಪರಿಹಾರ ಕೇಳುವುದು ಇದರ ಆಧಾರದ ಮೇಲೆ.

ಇನ್ನೆರಡು ಬಗೆಯ ತಪ್ಪುಗಳಿವೆ. ಸರ್ವೀಸಿಗೆ ಬಿಟ್ಟ ಗಾಡಿಯನ್ನು ಸರಿಯಾಗಿ ನೋಡದೆ ಕಳಿಸುವುದು, ವಾರಂಟಿಯೊಳಗೇ ಹಣ ಕೀಳುವುದು, ಬಿಡಿಭಾಗ ಬಂದಿಲ್ಲವೆಂದು ತಿಂಗಳುಗಟ್ಟಲೆ ಸತಾಯಿಸುವುದು ‘ಸೇವಾ ನ್ಯೂನತೆ’. ಹಳೆಯದನ್ನು ಹೊಸತೆಂದು, ಡಿಕ್ಕಿಯಾಗಿ ಬಣ್ಣ ಬಳಿದದ್ದನ್ನು ತಾಜಾ ಎಂದು ಮಾರುವುದು ‘ಅನುಚಿತ ವ್ಯಾಪಾರ ಪದ್ಧತಿ’. ಇವೆರಡರಲ್ಲೂ ಸಾಮಾನ್ಯವಾಗಿ ಸಿಕ್ಕಿಬೀಳುವವನು ಡೀಲರ್. ಗೋವಾದಲ್ಲಿ 2011ರ ಮಾದರಿಯ ಕಾರಿಗೆ ಹಣ ಕಟ್ಟಿದ ಗ್ರಾಹಕರೊಬ್ಬರಿಗೆ ಡೀಲರ್ ಕೊಟ್ಟದ್ದು 2009ರ ಕಾರು. ಆ ವ್ಯಾಜ್ಯದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟ್, ಡೀಲರನ ಈ ಕೃತ್ಯ ಟಾಟಾ ಮೋಟರ್ಸ್‌ಗೆ ಗೊತ್ತಿತ್ತೆಂದು ತೋರಿಸದ ಹೊರತು ಕಂಪನಿಯನ್ನು ಹೊಣೆ ಮಾಡಲಾಗದು ಎಂದಿತು. ಡೀಲರನ ಹೊಣೆ ಮಾತ್ರ ಹಾಗೆಯೇ ಉಳಿಯಿತು. ತಪ್ಪು ಯಾರದೆಂದು ಮೊದಲೇ ಬಿಡಿಸಿ ಹೇಳುವುದು ಕಷ್ಟವಾದ್ದರಿಂದ, ದೂರಿನಲ್ಲಿ ತಯಾರಕರನ್ನೂ ಡೀಲರನನ್ನೂ ಇಬ್ಬರನ್ನೂ ಎದುರುದಾರರನ್ನಾಗಿ ಮಾಡುವುದು, ಯಾರ ತಪ್ಪು ಯಾವುದೆಂದು ಬೇರೆ ಬೇರೆಯಾಗಿ ಬರೆಯುವುದು ಜಾಣತನ.

ಮೂರು ತೀರ್ಪು, ಮೂರು ಪಾಠ

ಹೊಸ ಗಾಡಿ ಕೆಟ್ಟರೆ ಹೊಸದನ್ನೇ ಕೊಡುತ್ತಾರೆ ಎಂದು ಅನೇಕರು ನಂಬಿರುತ್ತಾರೆ. 2006ರಲ್ಲಿ ಸುಪ್ರೀಂ ಕೋರ್ಟ್ ಒಂದು ಮಾರುತಿ ಕಾರಿನ ಪ್ರಕರಣದಲ್ಲಿ ಈ ನಂಬಿಕೆಗೆ ಮಿತಿ ಹಾಕಿತು. ಅಲ್ಲಿ ಕ್ಲಚ್ಚಿನ ತೊಂದರೆ ಇತ್ತು. ಕೆಳಗಿನ ಆಯೋಗಗಳು ಕಾರನ್ನೇ ಬದಲಿಸಿಕೊಡಲು ಹೇಳಿದ್ದವು. ವಾರಂಟಿಯಲ್ಲಿ ಬರೆದಿರುವುದು ದೋಷವಿರುವ ಭಾಗವನ್ನು ರಿಪೇರಿ ಮಾಡುವ ಅಥವಾ ಬದಲಿಸುವ ಮಾತು, ಇಡೀ ಕಾರನ್ನು ಬದಲಿಸುವ ಮಾತಲ್ಲ ಎಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ತೆಗೆದುಹಾಕಿತು. ಪಟ್ಟ ತೊಂದರೆಗಾಗಿ ಗ್ರಾಹಕರಿಗೆ ಹಣದ ಪರಿಹಾರವನ್ನಷ್ಟೇ ಕೊಡಿಸಿತು. ಪಾಠ ಇಷ್ಟು: ಬದಲಿಸಬಹುದಾದ ಒಂದು ಭಾಗದ ದೋಷವೇ ಬೇರೆ, ಗಾಡಿಯನ್ನೇ ನಿಷ್ಪ್ರಯೋಜಕ ಮಾಡುವ ಮೂಲದೋಷವೇ ಬೇರೆ.

ಮೂಲದೋಷವನ್ನು ತೋರಿಸುವುದು ಹೇಗೆ? 2010ರಲ್ಲಿ ಫಿಯೆಟ್ ಕಾರೊಂದರ ವ್ಯಾಜ್ಯದಲ್ಲಿ ಇದಕ್ಕೆ ಉತ್ತರ ಸಿಕ್ಕಿತು. ಸ್ವತಂತ್ರ ತಾಂತ್ರಿಕ ತಜ್ಞರು ಕಾರನ್ನು ಪರೀಕ್ಷಿಸಬೇಕು, ತಯಾರಿಕೆಯಲ್ಲೇ ದೋಷವಿದೆಯೆಂದು ಅವರು ಹೇಳಿದರೆ ಕಾರಿನ ಬೆಲೆಯನ್ನೂ ಆಜೀವ ತೆರಿಗೆಯನ್ನೂ ಬಡ್ಡಿಸಹಿತ ಹಿಂದಿರುಗಿಸಬೇಕು ಎಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಇಲ್ಲಿ ‘ಸ್ವತಂತ್ರ’ ಎಂಬ ಮಾತೇ ಮುಖ್ಯ. ಕಂಪನಿಯ ಎಂಜಿನಿಯರು ಬರೆದುಕೊಟ್ಟದ್ದು ಕಂಪನಿಯ ಮಾತು. ಪರಿಚಯದ ಮೆಕ್ಯಾನಿಕ್ ಹೇಳಿದ್ದು ಗ್ರಾಹಕರ ಮಾತು. ಪರೀಕ್ಷೆಯಿಲ್ಲದೆ ದೋಷ ತಿಳಿಯದು ಎನ್ನುವಂತಿದ್ದರೆ ವಸ್ತುವನ್ನು ತಕ್ಕ ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಆಯೋಗಕ್ಕಿದೆ. 2019ರ ಕಾಯ್ದೆಯ 38ನೇ ಕಲಂ ಹಾಗೆ ಹೇಳುತ್ತದೆ. ವರದಿ ಬರಬೇಕಾದದ್ದು 45 ದಿನಗಳಲ್ಲಿ. ಪರೀಕ್ಷೆಯ ಶುಲ್ಕವನ್ನು ದೂರುದಾರರು ಕಟ್ಟಬೇಕಾಗಬಹುದು. ಈ ಖರ್ಚಿಗೆ ಹೆದರಿ ಪರೀಕ್ಷೆಯನ್ನೇ ಕೇಳದೆ ಇದ್ದುಬಿಟ್ಟರೆ ಪುರಾವೆಯಿಲ್ಲದೆ ದೂರು ಬಿದ್ದುಹೋಗುವ ಅಪಾಯವಿದೆ.

ಮೂರನೆಯದು 2022ರ ತೀರ್ಪು. 2015ರಲ್ಲಿ ಕೊಂಡ ಹ್ಯುಂಡೈ ಕ್ರೆಟಾ ಕಾರು 2017ರಲ್ಲಿ ದೆಹಲಿ–ಪಾಣಿಪತ್ ಹೆದ್ದಾರಿಯಲ್ಲಿ ಅಪಘಾತಕ್ಕೀಡಾಯಿತು. ಮುಂಭಾಗ ಜಜ್ಜಿಹೋಯಿತು, ಒಳಗಿದ್ದವರ ತಲೆಗೆ, ಎದೆಗೆ ಪೆಟ್ಟಾಯಿತು, ಗಾಳಿಚೀಲಗಳು ಮಾತ್ರ ತೆರೆಯಲಿಲ್ಲ. ಸಾಕಷ್ಟು ಬಲದ ಹೊಡೆತ ಬಿದ್ದರಷ್ಟೇ ಅವು ತೆರೆಯುತ್ತವೆ ಎಂದು ಕಂಪನಿ ವಾದಿಸಿತು. ವೇಗ ಮತ್ತು ಬಲದ ಸಿದ್ಧಾಂತ ಹಿಡಿದು ಡಿಕ್ಕಿಯ ಹೊಡೆತವನ್ನು ಲೆಕ್ಕ ಹಾಕಲು ಗ್ರಾಹಕ ಭೌತಶಾಸ್ತ್ರದ ಪಂಡಿತನಾಗಿರಬೇಕೆಂದು ನಿರೀಕ್ಷಿಸಲಾಗದು ಎಂದು ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ಮುಂಭಾಗ ಅಷ್ಟು ಜಜ್ಜಿಹೋಗಿರುವಾಗ ಘಟನೆಯೇ ದೋಷವನ್ನು ಸಾರುತ್ತದೆ ಎಂಬ ತತ್ವವನ್ನು ಒಪ್ಪಿ, ಕಾರು ಬದಲಿಸಿಕೊಡುವ ಆದೇಶವನ್ನೂ ಪರಿಹಾರವನ್ನೂ ಎತ್ತಿಹಿಡಿಯಿತು. ತಜ್ಞರ ವರದಿ ಎಲ್ಲ ಪ್ರಕರಣಕ್ಕೂ ಬೇಕೆಂದಿಲ್ಲ ಎನ್ನುವುದಕ್ಕೆ ಇದು ದೊಡ್ಡ ಆಧಾರ. ಆದರೆ ಗೇರು ಪೆಟ್ಟಿಗೆಯ ಸದ್ದು, ಎಂಜಿನ್ನಿನ ಎಳೆತದ ಕೊರತೆ ಇಂಥವು ಜಜ್ಜಿದ ಬಾನೆಟ್ಟಿನಷ್ಟು ಕಣ್ಣಿಗೆ ಕಾಣುವುದಿಲ್ಲ. ಅಲ್ಲಿ ದಾಖಲೆಯೇ ಬೇಕು.

ಜಾಬ್ ಕಾರ್ಡ್ ಎಂಬ ಸಾಕ್ಷಿ

ಆ ದಾಖಲೆಗಳಲ್ಲಿ ಮುಖ್ಯವಾದದ್ದು, ಸರ್ವೀಸ್ ಸೆಂಟರಿನಲ್ಲಿ ಗಾಡಿ ಬಿಡುವಾಗ ಬರೆಯುವ ಜಾಬ್ ಕಾರ್ಡ್. ಬಹಳ ಮಂದಿ ಅದನ್ನು ಓದುವುದೇ ಇಲ್ಲ. ಸಹಿ ಹಾಕಿ ಬೀಗದ ಕೈ ಕೊಟ್ಟು ಹೊರಡುತ್ತಾರೆ. ಕ್ಲಚ್ ಜಾರುತ್ತದೆ ಎಂದು ಬಾಯಲ್ಲಿ ಹೇಳಿದ್ದನ್ನು ಒಳಗಿನವರು ‘ಜನರಲ್ ಚೆಕಪ್’ ಎಂದು ಬರೆದುಕೊಂಡರೆ, ಮುಂದೆ ಆಯೋಗದ ಕಣ್ಣಿಗೆ ಕಾಣುವುದು ಜನರಲ್ ಚೆಕಪ್ ಮಾತ್ರ.

ಸಾಲ ಮಾಡಿ ಸಣ್ಣ ಸರಕು ಟೆಂಪೊ ಕೊಂಡವರೊಬ್ಬರನ್ನು ಊಹಿಸಿಕೊಳ್ಳಿ. ಮೊದಲ ತಿಂಗಳಲ್ಲೇ ಗಾಡಿ ಏರಿನಲ್ಲಿ ನಿಲ್ಲುತ್ತದೆ. ಡೀಲರ್ ಒಳ್ಳೆಯ ಮಾತಾಡಿ, ಮೊದಲ ಸರ್ವೀಸ್ ಆಗಲಿ ಎನ್ನುತ್ತಾನೆ. ಆಮೇಲೆ ಎರಡನೆಯದಾಗಲಿ ಎನ್ನುತ್ತಾನೆ. ಅಷ್ಟರಲ್ಲಿ ವಾರಂಟಿ ಮುಗಿಯುತ್ತದೆ, ಬಾಡಿಗೆ ಕೈತಪ್ಪುತ್ತದೆ, ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಕೊನೆಗೆ ದೂರು ಕೊಡಹೊರಟರೆ ಅವರ ಕೈಯಲ್ಲಿರುವುದು ಎರಡು ಬಿಲ್ಲು, ಎದೆತುಂಬ ಸಿಟ್ಟು. ಸಿಟ್ಟನ್ನು ಸಾಕ್ಷ್ಯವೆಂದು ಯಾವ ಆಯೋಗವೂ ದಾಖಲಿಸಿಕೊಳ್ಳುವುದಿಲ್ಲ.

ಆದ್ದರಿಂದ ದೂರನ್ನು ಗುರುತು ಹಿಡಿಯುವಂತೆ ಬರೆಸಬೇಕು. ‘ಗಾಡಿ ಸರಿಯಿಲ್ಲ’ ಎಂದಲ್ಲ. ‘ಮೂರನೇ ಗೇರಿನಲ್ಲಿ ಏರು ಹತ್ತುವಾಗ ಎಂಜಿನ್ ನಿಲ್ಲುತ್ತದೆ, ಇದು ಮೂರನೆಯ ಸಲ’ ಎಂದು. ಬಿಟ್ಟ ದಿನ, ವಾಪಸು ಬಂದ ದಿನ, ಮೀಟರ್ ತೋರಿಸಿದ ಕಿಲೋಮೀಟರ್ ಮೂರೂ ಕಾರ್ಡಿನಲ್ಲಿರಬೇಕು. ಅದರ ಪ್ರತಿ ಕೇಳಿ ಪಡೆಯಬೇಕು. ಓಡಿಸಿ ನೋಡದೆ ‘ತೃಪ್ತಿಯಾಗಿದೆ’ ಎಂಬಲ್ಲಿ ಸಹಿ ಹಾಕಬಾರದು. ಸರಿಹೋಗದಿದ್ದರೆ ಸಹಿಯ ಪಕ್ಕದಲ್ಲೇ ಹಾಗೆಂದು ಬರೆಯಬೇಕು. ವಿಜ್ಞಾನದ ಪ್ರಯೋಗದಲ್ಲಿ ಒಂದೇ ಫಲಿತಾಂಶ ಮತ್ತೆ ಮತ್ತೆ ಬಂದರೆ ಅದು ಆಕಸ್ಮಿಕವಲ್ಲ ಎನ್ನುತ್ತಾರಲ್ಲ, ಒಂದೇ ದೋಷ ಬರೆದಿರುವ ನಾಲ್ಕು ಜಾಬ್ ಕಾರ್ಡುಗಳೂ ಅದನ್ನೇ ಹೇಳುತ್ತವೆ.

ಬಿಲ್ಲು, ವಾರಂಟಿ ಪುಸ್ತಕ, ವಿಮೆಯ ಕಾಗದ ಒಂದೇ ಕಡೆ ಇರಲಿ. ಗಾಡಿ ಕೈಗೆ ಬಂದ ದಿನವೇ ನೋಂದಣಿ ಪತ್ರದ ಚಾಸಿ ಸಂಖ್ಯೆ, ತಯಾರಿಕೆಯ ತಿಂಗಳು, ವರ್ಷವನ್ನು ಬಿಲ್ಲಿನೊಂದಿಗೆ ತಾಳೆ ನೋಡಬೇಕು. ಕಾಲಕಾಲಕ್ಕೆ ಅಧಿಕೃತ ಕಡೆಯಲ್ಲೇ ಸರ್ವೀಸ್ ಮಾಡಿಸಬೇಕು. ತಪ್ಪಿದರೆ, ಬಳಸಿದ ರೀತಿಯೇ ಸರಿಯಿಲ್ಲ ಎಂದು ಕಂಪನಿ ಕೈತೊಳೆದುಕೊಳ್ಳುತ್ತದೆ. ಎರಡು ಮೂರು ಸಲ ರಿಪೇರಿಯಾದರೂ ಫಲವಿಲ್ಲದಿದ್ದರೆ ಡೀಲರನಿಗೂ ಕಂಪನಿಗೂ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಬರೆದು ರಸೀದಿ ಇಟ್ಟುಕೊಳ್ಳಬೇಕು. ಗಾಡಿ ಕೆಟ್ಟಿದೆಯೆಂದು ಬ್ಯಾಂಕಿನ ಕಂತು ನಿಲ್ಲಿಸಬಾರದು. ಸಾಲದ ಕರಾರು ಬೇರೆಯೇ ಆದ್ದರಿಂದ ನಷ್ಟ ಸಾಲಗಾರರಿಗೇ.

ದೂರು ಎಲ್ಲಿ, ಹೇಗೆ?

ಮೊದಲ ಹೆಜ್ಜೆಯಾಗಿ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಆಯೋಗ. ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗಿದ್ದರೆ ದೂರು ಅಲ್ಲಿಗೇ ಹೋಗುತ್ತದೆ. ಅಂದರೆ ಸಾಮಾನ್ಯರು ಕೊಳ್ಳುವ ಹೆಚ್ಚುಕಡಿಮೆ ಎಲ್ಲ ಗಾಡಿಗಳೂ ಅದರ ವ್ಯಾಪ್ತಿಯೊಳಗೇ. ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವೇ ಇಲ್ಲ. 5ರಿಂದ 10 ಲಕ್ಷದವರೆಗೆ 200 ರೂಪಾಯಿ, 10ರಿಂದ 20 ಲಕ್ಷದವರೆಗೆ 400, ಅಲ್ಲಿಂದ 50 ಲಕ್ಷದವರೆಗೆ 1,000. ವಕೀಲರಿಲ್ಲದೆ ತಾವೇ ವಾದ ಮಾಡಬಹುದು. ಇ-ಜಾಗೃತಿ ಎಂಬ ಸರ್ಕಾರಿ ಜಾಲತಾಣದ ಮೂಲಕ ಮನೆಯಿಂದಲೇ ದೂರು ಸಲ್ಲಿಸಬಹುದು.

2019ರ ಕಾಯ್ದೆ ತಂದ ಇನ್ನೊಂದು ಅನುಕೂಲವಿದೆ. ಹಿಂದೆ ಎದುರುದಾರರು ಇರುವ ಕಡೆ, ಅವರ ಶಾಖೆ ಇರುವ ಕಡೆ, ಅಥವಾ ವ್ಯಾಜ್ಯದ ಕಾರಣ ಹುಟ್ಟಿದ ಕಡೆ ದೂರು ಹೂಡಬೇಕಿತ್ತು. ಈಗ ದೂರುದಾರರು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ಹೂಡಬಹುದು. ಬೆಂಗಳೂರಿನಲ್ಲಿ ಕಾರು ಕೊಂಡ ಬೀದರದವರು ವಾಯಿದೆಗೆಂದು ಬೆಂಗಳೂರಿಗೆ ಅಲೆಯಬೇಕಿಲ್ಲ. ಆದರೆ ಕಾಲಮಿತಿ ಇದೆ: ವ್ಯಾಜ್ಯದ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ದೂರು ದಾಖಲಾಗಬೇಕು. ತಡವಾದರೆ ತಕ್ಕ ಕಾರಣ ತೋರಿಸಿ ಒಪ್ಪಿಸಬೇಕು.

ದೋಷ ಸಾಬೀತಾದರೆ ಆಯೋಗ ರಿಪೇರಿ ಮಾಡಿಸಬಹುದು, ಬೇರೆ ಗಾಡಿ ಕೊಡಿಸಬಹುದು, ಹಣ ವಾಪಸು ಮಾಡಿಸಬಹುದು, ಪರಿಹಾರವನ್ನೂ ಸೇರಿಸಬಹುದು. ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, ಅಥವಾ 25 ಸಾವಿರದಿಂದ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ.

ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಕಾಯ್ದೆ ಗ್ರಾಹಕರೆಂದು ಎಣಿಸುವುದಿಲ್ಲ. ಹಾಗಾದರೆ ಬಾಡಿಗೆ ಗಾಡಿಯವರ ಗತಿ? ಸ್ವಂತ ದುಡಿಮೆಯಿಂದ ಜೀವನ ಸಾಗಿಸಲು ಕೊಂಡದ್ದು ವಾಣಿಜ್ಯ ಉದ್ದೇಶವಲ್ಲ ಎಂದು ಕಾಯ್ದೆಯೇ ಹೇಳಿದೆ. ತಾನೇ ಓಡಿಸಿ ಹೊಟ್ಟೆ ಹೊರೆಯಲು ಆಟೊ ರಿಕ್ಷಾ ಅಥವಾ ಲಾರಿ ಕೊಂಡವನೂ ಗ್ರಾಹಕನೇ ಎಂದು 1995ರಲ್ಲೇ ಸುಪ್ರೀಂ ಕೋರ್ಟ್ ವಿವರಿಸಿತ್ತು. ಮೇಲೆ ಹೇಳಿದ ಟೆಂಪೊದಂಥ ಗಾಡಿಯವರು ಈ ಮಾತನ್ನು ದೂರಿನಲ್ಲಿ ಸ್ಪಷ್ಟವಾಗಿ ಬರೆಯಬೇಕು.

ಎಲ್ಲ ಗಾಡಿಗೂ ಒಂದೇ ರೋಗವಾದರೆ

ಗ್ರಾಹಕರ ಕಾಯ್ದೆ ಬಹುಮಟ್ಟಿಗೆ ಒಬ್ಬೊಬ್ಬರ ದೂರನ್ನು ನೋಡುತ್ತದೆ. ಒಂದು ಮಾದರಿಗೇ ತಗಲಿದ ದೋಷಕ್ಕೆ ಮೋಟಾರು ವಾಹನ ಕಾಯ್ದೆಯಲ್ಲಿ ಬೇರೆ ದಾರಿಯಿದೆ. 2019ರ ತಿದ್ದುಪಡಿ ಆ ಕಾಯ್ದೆಗೆ 110ಎ ಎಂಬ ಕಲಂ ಸೇರಿಸಿತು. ಚಾಲಕರಿಗೆ, ಪ್ರಯಾಣಿಕರಿಗೆ, ರಸ್ತೆಯ ಮೇಲಿನ ಇತರರಿಗೆ ಅಥವಾ ಪರಿಸರಕ್ಕೆ ಅಪಾಯ ತರುವಂಥ ದೋಷವಿದ್ದರೆ ಆ ಗಾಡಿಗಳನ್ನು ಹಿಂದಕ್ಕೆ ಕರೆಸಿಕೊಳ್ಳುವಂತೆ ಕೇಂದ್ರ ಸರ್ಕಾರ ಆದೇಶಿಸಬಹುದು. ತಯಾರಕರು ಪೂರ್ತಿ ಬೆಲೆ ಹಿಂದಿರುಗಿಸಬೇಕು, ಅಥವಾ ಅಂಥದೇ ಇಲ್ಲವೇ ಅದಕ್ಕಿಂತ ಉತ್ತಮವಾದ ಗಾಡಿ ಕೊಡಬೇಕು, ಅಥವಾ ರಿಪೇರಿ ಮಾಡಬೇಕು. ಇದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಅದಕ್ಕೂ ಮುಂಚೆ, 2012ರಿಂದ, ತಯಾರಕರು ತಾವಾಗಿಯೇ ವಾಹನ ಹಿಂಪಡೆಯುವ ಪದ್ಧತಿ ನಡೆದುಬಂದಿತ್ತು. 2020ರ ಜುಲೈನಲ್ಲಿ ಇಂಧನ ಪಂಪಿನ ದೋಷದ ಶಂಕೆಯಿಂದ ಮಾರುತಿ ಕಂಪನಿ ವ್ಯಾಗನ್-ಆರ್ ಮತ್ತು ಬಲೆನೊ ಸೇರಿ 1,34,885 ಕಾರುಗಳನ್ನು ಪರೀಕ್ಷೆಗೆ ಕರೆದದ್ದು ಅಂಥದೊಂದು. ಕಂಪನಿಯಿಂದ ಇಂಥ ಕರೆ ಬಂದರೆ, ಗಾಡಿ ಚೆನ್ನಾಗಿಯೇ ಓಡುತ್ತಿದೆ ಎಂದು ಸುಮ್ಮನಿರಬಾರದು. ಚಾಸಿ ಸಂಖ್ಯೆ ಕೊಟ್ಟು ವಿಚಾರಿಸಿ, ರಿಪೇರಿ ಮಾಡಿಸಿಕೊಂಡು, ಅದಕ್ಕೂ ಕಾಗದ ಪಡೆಯಬೇಕು.

ಇನ್ನೂ ಬೇಕಾದದ್ದು

ಹಕ್ಕು ಇಷ್ಟಿದ್ದರೂ ಕಾಲದ ಪ್ರಶ್ನೆ ಉಳಿಯುತ್ತದೆ. ಪರೀಕ್ಷೆ ಬೇಡದ ದೂರನ್ನು ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದದ್ದನ್ನು ಐದು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಆದರೆ ಮೇಲ್ಮನವಿಗಳ ಏಣಿ ಉದ್ದ. 2003ರಲ್ಲಿ ಕೊಂಡ ಮರ್ಸಿಡಿಸ್ ಕಾರಿನ ಒಳಭಾಗ ಅತಿಯಾಗಿ ಬಿಸಿಯಾಗುತ್ತದೆ ಎಂಬ ದೂರಿನ ಮೇಲೆ ರಾಷ್ಟ್ರೀಯ ಆಯೋಗ 2007ರಲ್ಲಿ ಆದೇಶ ಕೊಟ್ಟಿತು. ಸುಪ್ರೀಂ ಕೋರ್ಟಿನಲ್ಲಿ ಗ್ರಾಹಕರ ಪರವಾಗಿ ಅದು ಇತ್ಯರ್ಥವಾದದ್ದು 2024ರಲ್ಲಿ. ಅಷ್ಟು ಬೆಲೆಯ ಕಾರು ಕೊಂಡ ಸಂಸ್ಥೆಯೊಂದು ಇಪ್ಪತ್ತು ವರ್ಷ ಕಾಯಬಹುದು. ಟೆಂಪೊ ಓಡಿಸಿ ಮಕ್ಕಳ ಫೀಸು ಕಟ್ಟುವವರು ಎರಡು ವರ್ಷವೂ ಕಾಯಲಾರರು.

ನಾಲ್ಕು ಸಲ ಅಥವಾ 30 ದಿನ ಎಂಬಂಥ ಸ್ಪಷ್ಟ ಲೆಕ್ಕ ನಮ್ಮ ಕಾನೂನಿಗೂ ಬೇಕೆನ್ನುವುದು ಇದಕ್ಕಾಗಿಯೇ. ಆಗ ದೋಷವಿದೆಯೆಂದು ತೋರಿಸುವ ಹೊರೆ ಇಳಿದು, ಇಲ್ಲವೆಂದು ತೋರಿಸುವ ಹೊರೆ ತಯಾರಕರ ಮೇಲೆ ಬೀಳುತ್ತದೆ. ಗಾಡಿಯ ನಕ್ಷೆ, ಕಾರ್ಖಾನೆಯ ಪರೀಕ್ಷಾ ದಾಖಲೆ, ನುರಿತ ಎಂಜಿನಿಯರುಗಳು ಎಲ್ಲ ಇರುವುದು ಅವರ ಬಳಿಯೇ. ಎಲ್ಲ ಉಳ್ಳವರನ್ನು ಬಿಟ್ಟು ಏನೂ ಇಲ್ಲದವರಿಂದ ಪುರಾವೆ ಕೇಳುವುದು ನ್ಯಾಯದ ತಕ್ಕಡಿಗೆ ಒಪ್ಪುವ ಮಾತಲ್ಲ. ಅಂಥ ಕಾನೂನು ಬರುವವರೆಗೆ ಆ ಲೆಕ್ಕವನ್ನು ಕೊಂಡವರೇ ಇಡಬೇಕು, ಒಂದೊಂದೇ ಜಾಬ್ ಕಾರ್ಡ್ ಜೋಡಿಸಿ.